ಸಮುದ್ರ ದಾಟಿದ ಮಾತ್ರಕ್ಕೆ ಇಂಗ್ಲೀಷು ಬಾರದು

ಈಚೆಗೆ ನಾವು ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಹೋಗಿದ್ದೆವು. ಕಾಲಭೈರವೇಶ್ವರನ ದರ್ಶನ ಮಾಡಿ ಹೊರಬಂದಾಗ, ಗುಡ್ಡವನ್ನೆಲ್ಲ ಕವಿದಿದ್ದ ಮಂಜಿನ ನಡುವೆ ಪರಿಚಿತರಾದ ಕಾಫಿ ಬೆಳೆಗಾರರೊಬ್ಬರು ತಮ್ಮ ಮಗನೊಡನೆ ಎದುರಾದರು. ಹುಡುಗನು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟಿರುವನೆಂದೂ, ಇರುವ ಕೆಲವು ಎಕರೆ ತೋಟದ ಮೇಲೆ ಸಾಲ ಮಾಡಿ ಕಳುಹಿಸುತ್ತಿರುವುದಾಗಿಯೂ ತಿಳಿಸಿದ ಅವರು, ಕೊನೆಗೆ ದನಿ ತಗ್ಗಿಸಿ, “ಸ್ವಾಮಿ, ಇವನಿಗೆ ಇಂಗ್ಲೀಷು ಮಾತ್ರ ಸ್ವಲ್ಪ ಹಿಂದೆ. ಅಲ್ಲಿಗೆ ಹೋದ ಮೇಲೆ ತಾನಾಗಿ ಬರುತ್ತದಲ್ಲವೆ?” ಎಂದು ಕೇಳಿದರು. ಹುಡುಗನು ನೆಲ ನೋಡುತ್ತ ನಿಂತಿದ್ದನು. ದೇವರ ಸನ್ನಿಧಿಯಲ್ಲಿ ಎರಡನೆಯ ಮಾತೇಕೆಂದು ನಾವು “ಬರುತ್ತದೆ” ಎಂದುಬಿಟ್ಟೆವು. ಗುಡ್ಡವಿಳಿಯುವಾಗ ಆ ಉತ್ತರವು ನಮ್ಮ ಮನಸ್ಸನ್ನು ಚುಚ್ಚತೊಡಗಿತು. ಅಂದು ಹೇಳದೆ ಉಳಿಸಿದುದನ್ನು ಇಂದು ಹೇಳುತ್ತೇವೆ.

ನೀರಿಗೆ ಬಿದ್ದವನು ಈಜು ಕಲಿಯುವನೆಂಬುದು ಎಷ್ಟು ನಿಜವೋ, ಪರದೇಶಕ್ಕೆ ಹೋದವನಿಗೆ ಅಲ್ಲಿಯ ಭಾಷೆ ತಾನಾಗಿ ಬರುವುದೆಂಬುದೂ ಅಷ್ಟೇ ನಿಜ. ಕೈಕಾಲು ಆಡಿಸಿದವನು ದಡ ಸೇರುವನು. ಉಳಿದವರ ಗತಿಯನ್ನು ಹೇಳಬೇಕಾದುದಿಲ್ಲ. ಹೊರಡುವುದಕ್ಕೆ ಮುಂಚೆ ನಮ್ಮ ತರುಣರು ಐಇಎಲ್‌ಟಿಎಸ್ ಮೊದಲಾದ ಪರೀಕ್ಷೆಗಳಿಗೆ ಕೂರುತ್ತಾರೆ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಅಂಗಗಳಿಗೆ ೯ರವರೆಗಿನ ಶ್ರೇಣಿಯಲ್ಲಿ ಅಂಕ ಬರುತ್ತದೆ. ಆದರೆ ಅದರಲ್ಲಿ ಮಾತಿನ ಪರೀಕ್ಷೆಯ ಅವಧಿ ಹೆಚ್ಚೆಂದರೆ ೧೪ ನಿಮಿಷ. ಅಲ್ಲಿಯ ಬದುಕಾದರೋ ಹಗಲಿರುಳೂ ನಡೆಯುವ ಪರೀಕ್ಷೆ. ಪರೀಕ್ಷಕನು ತಾಳ್ಮೆಯಿಂದ ಕೇಳುವನು, ಅಂಗಡಿಯವನು ಕೇಳುವನೆ? ಇಲ್ಲಿ ಕಲಿತ ಉಚ್ಚಾರಣೆ ಒಂದು, ಅಲ್ಲಿಯ ಬಸ್ಸಿನಲ್ಲಿ ಕಿವಿಗೆ ಬೀಳುವ ಉಚ್ಚಾರಣೆ ಮತ್ತೊಂದು. ಮೊದಲ ವಾರವೇ ನಾಲಗೆ ಹಿಂಜರಿಯುತ್ತದೆ. ಆಗ ಹುಡುಗನು ನಮ್ಮವರನ್ನೇ ಹುಡುಕಿಕೊಂಡು ಒಂದೇ ಮನೆಯಲ್ಲಿ ನಾಲ್ವರು ಸೇರಿ, ಅಲ್ಲಿಯೇ ಅಡಿಗೆ, ಅಲ್ಲಿಯೇ ಹರಟೆ ಎಂದು ನೆಲೆಸಿಬಿಡುವನು. ವರ್ಷವು ಮುಗಿಯುತ್ತದೆ; ತೋಟದ ಸಾಲ ಮುಗಿಯುವುದಿಲ್ಲ; ಇಂಗ್ಲೀಷು ಹೊರಟಲ್ಲಿಯೇ ನಿಂತಿರುತ್ತದೆ.

ಇದಕ್ಕೆ ಮೂಲ ಬುದ್ಧಿಯ ಕೊರತೆಯಲ್ಲ, ನಾಚಿಕೆ. ಈ ನಾಚಿಕೆಯು ದೊಡ್ಡವರನ್ನೂ ಬಿಟ್ಟಿಲ್ಲ. ೧೮೮೮ನೆಯ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗನ್ನೇರಿದ ಮೋಹನದಾಸ ಗಾಂಧಿಯವರಿಗೆ ಇಂಗ್ಲೀಷಿನಲ್ಲಿ ಮಾತನಾಡಿ ಅಭ್ಯಾಸವಿರಲಿಲ್ಲ. ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡಲ್ಲದೆ ಅವರು ಬಾಯಿ ತೆರೆಯಲಾರದಾಗಿದ್ದರು. ಚಮಚ ಮುಳ್ಳುಗಳನ್ನು ಹಿಡಿಯಲು ಬಾರದೆ, ತಮ್ಮ ಕೋಣೆಯಲ್ಲಿಯೇ ಊಟ ಮುಗಿಸುತ್ತಿದ್ದರು. ಸಹಪ್ರಯಾಣಿಕರಾದ ಜುನಾಗಢದ ವಕೀಲ ಮಜುಮ್ದಾರರು, ಪರಭಾಷೆಯಲ್ಲಿ ತಪ್ಪುಗಳು ಅನಿವಾರ್ಯ, ಅವಕ್ಕೆ ಅಂಜದೆ ಮಾತನಾಡು ಎಂದು ಬುದ್ಧಿ ಹೇಳಿದರೂ ಸಂಕೋಚ ತೊಲಗಲಿಲ್ಲ. ಲಂಡನ್ನಿಗೆ ಹೋದ ಮೇಲೆ ಅವರು ಆಂಗ್ಲ ಸಭ್ಯನಾಗಬೇಕೆಂಬ ಭ್ರಮೆಯಿಂದ ಬೆಲೆಬಾಳುವ ಉಡುಪು ಹೊಲಿಸಿದರು. ನೃತ್ಯ, ಪಿಟೀಲು, ಭಾಷಣಕಲೆಗಳಿಗೆ ಶಿಕ್ಷಕರನ್ನು ಗೊತ್ತುಮಾಡಿದರು. ಸುಮಾರು ಮೂರು ತಿಂಗಳಲ್ಲಿ ಆ ಭ್ರಮೆ ಹರಿಯಿತು.

ಹಾಗಾದರೆ ಅವರಿಗೆ ಇಂಗ್ಲೀಷು ಬಂದುದು ಎಲ್ಲಿಂದ? ಊರಿನಲ್ಲಿದ್ದಾಗ ವೃತ್ತಪತ್ರಿಕೆಯನ್ನೇ ಓದದಿದ್ದವರು ಲಂಡನ್ನಿನಲ್ಲಿ ಪ್ರತಿದಿನವೂ ಮೂರು ಪತ್ರಿಕೆಗಳ ಮೇಲೆ ಕಣ್ಣಾಡಿಸತೊಡಗಿದರು. ಅದಕ್ಕೆ ಹಿಡಿಯುತ್ತಿದ್ದುದು ಒಂದು ಗಂಟೆಯೊಳಗೆ. ಸಸ್ಯಾಹಾರಿಗಳ ಸಂಘವನ್ನು ಸೇರಿ, ಅದರ ಕಾರ್ಯಕಾರಿ ಸಮಿತಿಯಲ್ಲಿ ಕುಳಿತರು. ಅಲ್ಲಿಯೂ ಎದ್ದು ಮಾತನಾಡಲಾರದೆ ತಾವು ಬರೆದುದನ್ನು ಇನ್ನೊಬ್ಬರಿಂದ ಓದಿಸಬೇಕಾದ ಪ್ರಸಂಗ ಬಂದಿತು. ಆದರೂ ಸಭೆಯನ್ನು ಬಿಡಲಿಲ್ಲ. ೧೮೯೧ರಲ್ಲಿ ಅವರ ಲೇಖನಗಳು ಸಸ್ಯಾಹಾರಿಗಳ ಪತ್ರಿಕೆಯಲ್ಲಿ ಪ್ರಕಟವಾದುವು. ವೇಷದಿಂದ ಬಾರದ ಭಾಷೆಯು ಕೆಲಸದಿಂದ ಬಂದಿತು. ತನಗೆ ಪ್ರಿಯವಾದೊಂದು ಕಾರ್ಯದಲ್ಲಿ ಅಲ್ಲಿಯ ಜನರೊಡನೆ ಭುಜಕ್ಕೆ ಭುಜ ಕೊಡುವುದೇ ಭಾಷೆಯನ್ನು ಕಲಿಯುವ ರಾಜಮಾರ್ಗವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಾಚಿಕೆಯ ನೋವನ್ನು ನಾವೂ ಬಲ್ಲೆವು. ನಮ್ಮ ಓದು ಪಾಠಶಾಲೆಯದು. ಮೆಟ್ರಿಕ್ಯುಲೇಷನ್ನಿಗೆ ಅದು ಮುಗಿಯಿತು. ಹಿಂದೊಮ್ಮೆ ದೊಡ್ಡ ನಗರವೊಂದರ ಸಭೆಯಲ್ಲಿ ಬೆಳೆಗಾರರ ಪರವಾಗಿ ಪ್ರಶ್ನೆ ಕೇಳಲು ಎದ್ದು ನಿಂತು, ತಕ್ಕ ಕ್ರಿಯಾಪದವನ್ನು ಹುಡುಕುತ್ತಿರುವಷ್ಟರಲ್ಲಿ ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗಿಬಿಟ್ಟರು. ಅಂದು ತಪ್ಪು ಇಂಗ್ಲೀಷಿನಲ್ಲಿಯಾದರೂ ಕೇಳಿದ್ದರೆ ಉತ್ತರ ಸಿಕ್ಕುತ್ತಿತ್ತು. ನಮ್ಮ ಮೌನದಿಂದ ವ್ಯಾಕರಣವು ಉಳಿಯಿತು, ಕಾರ್ಯವು ಕೆಟ್ಟಿತು. ನಮ್ಮ ತೋಟಗಳ ಆಳುಗಳನ್ನು ನೋಡಿರಿ. ಶಾಲೆಯ ಮುಖ ಕಾಣದವರೂ ಎಸ್ಟೇಟು, ರೈಟರು, ಪಲ್ಪರು ಎಂಬ ಮಾತುಗಳನ್ನು ನಿರ್ಭಯದಿಂದ ಆಡುತ್ತಾರೆ. ಕೆಲಸದೊಡನೆ ಬಂದ ಮಾತಿಗೆ ನಾಚಿಕೆ ಅಂಟಿಲ್ಲ. ಹಾಡುತ್ತ ಹಾಡುತ್ತ ರಾಗ ಎಂದು ಹಿರಿಯರು ಸುಮ್ಮನೆ ಹೇಳಿದರೆ?

ಆದುದರಿಂದ ಹೊರಡುವ ತರುಣ ತರುಣಿಯರಲ್ಲಿ ನಮ್ಮ ಅರಿಕೆ ಇಷ್ಟು. ವಾಸಕ್ಕೆ ಬೇರೆ ಬೇರೆ ನಾಡಿನವರಿರುವ ಮನೆಯನ್ನು ಹಿಡಿಯಿರಿ. ನಾಲ್ಕು ದೇಶದವರು ಸೇರಿದಲ್ಲಿ ಇಂಗ್ಲೀಷು ತಾನೇ ನಡುವಿನ ಭಾಷೆಯಾಗುತ್ತದೆ. ದಿನವೂ ಅಲ್ಲಿಯ ಪತ್ರಿಕೆಯ ಒಂದು ಅಂಕಣವನ್ನು ಗಟ್ಟಿಯಾಗಿ ಓದಿರಿ. ಹೊಸ ಮಾತನ್ನು ಬಿಡಿಯಾಗಿ ಬರೆದಿಡದೆ, ಅದು ಬಂದ ಇಡೀ ವಾಕ್ಯವನ್ನೇ ಬರೆದಿಡಿರಿ. ತರಗತಿಯಲ್ಲಿ ದಿನಕ್ಕೊಂದು ಪ್ರಶ್ನೆಯನ್ನಾದರೂ ಕೇಳಿರಿ. ಅನೇಕ ವಿಶ್ವವಿದ್ಯಾಲಯಗಳು ಪರದೇಶೀಯ ವಿದ್ಯಾರ್ಥಿಗಳಿಗಾಗಿ ಪ್ರಬಂಧ ಬರೆಯುವ ಕ್ರಮವನ್ನು ಪ್ರತ್ಯೇಕವಾಗಿ ಕಲಿಸುತ್ತವೆ. ಅಲ್ಲಿಗೆ ಹೋಗಲು ಹಿಂಜರಿಯಬೇಡಿರಿ. ನಮ್ಮ ಶಾಲೆಗಳಲ್ಲಿ ಪುಸ್ತಕದ ಮಾತನ್ನು ಹಾಗೆಯೇ ಒಪ್ಪಿಸಿದವನಿಗೆ ಹೆಚ್ಚು ಅಂಕ. ಅಲ್ಲಿ ಇನ್ನೊಬ್ಬರ ವಾಕ್ಯವನ್ನು ಹೆಸರು ಹೇಳದೆ ಬಳಸುವುದು ಕಳ್ಳತನಕ್ಕೆ ಸಮಾನವಾದ ಅಪರಾಧ. ಇಂಗ್ಲೆಂಡಿನಲ್ಲಿ ಪದವಿ ವ್ಯಾಸಂಗ ಮಾಡುವ ಪರದೇಶೀಯನು ಪಾಠದ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ೨೦ ಗಂಟೆ ದುಡಿಯಬಹುದು. ಆ ದುಡಿಮೆಯು ಗೋದಾಮಿನ ಮೂಲೆಯಲ್ಲಾಗದೆ, ಗಿರಾಕಿಗಳೊಡನೆ ಮಾತನಾಡುವ ಕಡೆಯಲ್ಲಾದರೆ ಕೂಲಿಯ ಜತೆಗೆ ಪಾಠವೂ ದೊರೆತಂತೆ. ಅಂಗೈಯೊಳಗಿನ ಫೋನು ಕ್ಷಣಾರ್ಧದಲ್ಲಿ ಭಾಷಾಂತರ ಮಾಡಿಕೊಡುವುದು ನಿಜ. ಆದರೆ ಅನುದಿನವೂ ಅದರ ಬಾಯಿಂದಲೇ ಮಾತನಾಡುವವನಿಗೆ ಸ್ವಂತ ಬಾಯಿ ಬರುವುದೆಂದು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ನಾವು ಕರ್ತವ್ಯಭ್ರಷ್ಟರಾದೇವು. ಇಂಗ್ಲೀಷು ಬರಬೇಕಾದರೆ ಕನ್ನಡವನ್ನು ಮರೆಯಬೇಕೆಂಬ ನಂಬಿಕೆ ಕೆಲವರಲ್ಲಿದೆ. ಇದು ಸರ್ವಥಾ ತಪ್ಪು. ೧೮೫೩ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲರು ಜರ್ಮನ್ ಜನರು. ಹಳ್ಳಿಯವರನ್ನೂ ಪಂಡಿತರನ್ನೂ ಕೇಳಿ ಕೇಳಿ ಕಲಿತು, ೧೮೯೪ರಲ್ಲಿ ಅವರು ಪ್ರಕಟಿಸಿದುದು ಕನ್ನಡ–ಇಂಗ್ಲೀಷು ನಿಘಂಟು. ಎರಡೂ ಅವರ ತಾಯ್ನುಡಿಯಲ್ಲ! ತಾಯ್ನುಡಿಯನ್ನು ಮರೆತು ಅವರು ಇದನ್ನು ಸಾಧಿಸಿದರೆ? ನಮ್ಮ ಮಲೆನಾಡಿನವರೇ ಆದ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ೧೯೩೨ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲೀಷು ಸಾಹಿತ್ಯವನ್ನು ಕುರಿತು ಸಂಶೋಧನೆ ನಡೆಸಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿದ್ದಾಗಲೇ ಕನ್ನಡದಲ್ಲಿ ‘ಸಂಸ್ಕಾರ’ವನ್ನು ಬರೆದರು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ೧೯೨೯ರಲ್ಲಿ ಫ್ರಾನ್ಸಿಗೆ ಹೋದರು. ೧೯೩೮ರಲ್ಲಿ ಹೊರಬಂದ ಅವರ ‘ಕಾಂತಾಪುರ’ದಲ್ಲಿ, ಕಾಫಿ ತೋಟದ ಕೂಲಿಗಳ ಬವಣೆಯೂ ಸೇರಿದ ಕಥೆಯನ್ನು ನಮ್ಮ ಕಡೆಯ ಹಳ್ಳಿಯ ಅಜ್ಜಿಯೊಬ್ಬಳು ಇಂಗ್ಲೀಷಿನಲ್ಲಿ ಹೇಳುತ್ತಾಳೆ, ಆ ಮಾತಿನ ಓಟ ಮಾತ್ರ ನಮ್ಮ ಜಗುಲಿಯದೇ.

ಕಾಫಿ ಸಸಿಯನ್ನು ಪಾತಿಯಿಂದ ತೋಟಕ್ಕೆ ಒಯ್ಯುವ ಬೆಳೆಗಾರನಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬೇರಿಗಂಟಿದ ಮಣ್ಣು ಉದುರದಂತೆ ನೆಟ್ಟ ಸಸಿ ಹೊಸ ನೆಲವನ್ನು ಬೇಗ ಹಿಡಿಯುತ್ತದೆ. ಮಣ್ಣನ್ನು ಒದರಿ ನೆಟ್ಟುದು ಬಾಡುತ್ತದೆ. ವಾರಕ್ಕೊಂದು ಕಾಗದವನ್ನು ಮನೆಗೆ ಕನ್ನಡದಲ್ಲಿ ಬರೆಯುವ ಹುಡುಗನು, ಕಂಡುದನ್ನು ಕ್ರಮವಾಗಿ ಹೇಳುವ ಶಕ್ತಿಯನ್ನು ಉಳಿಸಿಕೊಳ್ಳುವನು; ಆ ಶಕ್ತಿಯೇ ಇಂಗ್ಲೀಷಿನಲ್ಲಿಯೂ ಕೈಹಿಡಿಯುವುದು. ತಂದೆತಾಯಿಗಳೂ ಮಗನನ್ನು ದೂರವಾಣಿಯಲ್ಲಿ ಊಟವಾಯಿತೆ ಎಂದು ಕೇಳುವುದರ ಜತೆಗೆ, ಇಂದು ಯಾರೊಡನೆ ಮಾತನಾಡಿದೆ ಎಂದೂ ಕೇಳಲಿ.

ದೇವರಮನೆಯಲ್ಲಿ ಪ್ರಶ್ನಿಸಿದ ಮಹನೀಯರೆ, ನಿಮಗೆ ನಮ್ಮ ತಿದ್ದಿದ ಉತ್ತರವಿದು: ಇಂಗ್ಲೀಷು ತಾನಾಗಿ ಬಾರದು, ತಪ್ಪಿಗೆ ಹೆದರದ ಹುಡುಗನಿಗೆ ಬಂದೇ ಬರುವುದು. ಅಂದು ನೆಲ ನೋಡುತ್ತಿದ್ದ ಚಿರಂಜೀವಿಯು ಅಲ್ಲಿ ತಲೆಯೆತ್ತಿ ಮೊದಲ ತಪ್ಪು ವಾಕ್ಯವನ್ನು ಗಟ್ಟಿಯಾಗಿ ಆಡಲಿ. ತೋಟದ ಸಾಲವು ತೀರುವ ದಾರಿ ಆ ವಾಕ್ಯದಿಂದಲೇ ಆರಂಭವಾಗುವುದು. ಅವನಿಗೆ ಶುಭವಾಗಲಿ.