ಸಕ್ಕರೆಯ ಸೀಮೆಯಲ್ಲಿ ಸಂಘಗಳ ಸಂಘ

ಮಂಡ್ಯವೆಂದೊಡನೆ ಕಣ್ಣೆದುರು ನಿಲ್ಲುವುದು ಕಬ್ಬಿನ ಗದ್ದೆ; ಮದ್ದೂರೆಂದೊಡನೆ ನಾಲಗೆಗೆ ನೆನಪಾಗುವುದು ವಡೆ; ಮಳವಳ್ಳಿಯೆಂದೊಡನೆ ಕಿವಿಯಲ್ಲಿ ಮೊರೆಯುವುದು ಶಿವನಸಮುದ್ರದ ಜಲಪಾತ. ಬೆಂಗಳೂರಿನಿಂದ ಮೈಸೂರಿಗೆ ಪಯಣಿಸುವವರು ಈ ಸೀಮೆಯನ್ನು ಇಷ್ಟರಿಂದಲೇ ಬಲ್ಲರು. ಆದರೆ ಕಬ್ಬನ್ನು ಕಡಿದವರಾರು, ಅರೆದವರಾರು, ಜಲಪಾತದಿಂದ ವಿದ್ಯುತ್ತನ್ನು ತೆಗೆದು ನಾಡಿಗೆ ಹರಿಸಿದವರಾರು, ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಉಣಬಡಿಸುವವರಾರು ಎಂಬ ಪ್ರಶ್ನೆ ದಾರಿಹೋಕರ ಮನಸ್ಸಿನಲ್ಲಿ ಏಳುವುದು ಅಪರೂಪ. ಬೇರೆ ಬೇರೆ ಕಸುಬಿನ ಈ ಜನ ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಹೀಗಿದ್ದೂ ಅವರ ಅಹವಾಲುಗಳು ಒಂದೆಡೆ ಸೇರುವ ಸ್ಥಳವೊಂದುಂಟು. ಅದೇ ಕಾರ್ಮಿಕ ಸಂಘಗಳ ಮಂಡಲಿ. ಅರ್ಥಾತ್, ಸಂಘಗಳ ಸಂಘ.

ಒಂದು ಕಾರ್ಖಾನೆಯ ಕೆಲಸಗಾರರು ಕೂಡಿಕೊಂಡರೆ ಅದು ಸಂಘ. ಅಂಥ ಹತ್ತಾರು ಸಂಘಗಳು ಒಂದೇ ಛತ್ರದಡಿ ಬಂದು, ಪ್ರತಿಯೊಂದೂ ತನ್ನ ಸದಸ್ಯರ ಸಂಖ್ಯೆಗೆ ತಕ್ಕಂತೆ ಚಂದಾ ಸಲ್ಲಿಸಿ, ಪ್ರತಿನಿಧಿಗಳನ್ನು ಕಳುಹಿಸಿ, ಒಂದು ಕಾರ್ಯಕಾರಿ ಸಮಿತಿಯನ್ನು ಆರಿಸಿಕೊಂಡರೆ ಅದು ಮಂಡಲಿ. ದೇಶದ ಮಟ್ಟದಲ್ಲಿ ಈ ಪರಂಪರೆ ಶತಮಾನವನ್ನು ದಾಟಿದೆ. 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಜನ್ಮತಾಳಿತು. 1947ರಲ್ಲಿ ಇಂಟಕ್, 1955ರಲ್ಲಿ ಭಾರತೀಯ ಮಜ್ದೂರ್ ಸಂಘ, 1970ರಲ್ಲಿ ಸಿಐಟಿಯು ಹೀಗೆ ಒಂದೊಂದಾಗಿ ಹುಟ್ಟಿದವು. ರಾಜಕೀಯ ನಿಲುವುಗಳು ಬೇರೆಯಾದರೂ ಅವುಗಳ ರಚನೆ ಬಹುಮಟ್ಟಿಗೆ ಒಂದೇ: ಕೆಳಗೆ ಸಂಘ, ಮೇಲೆ ಜಿಲ್ಲಾ ಸಮಿತಿ, ಅದರ ಮೇಲೆ ರಾಜ್ಯ ಸಮಿತಿ, ಎಲ್ಲಕ್ಕೂ ಮೇಲೆ ಕೇಂದ್ರ. ಮಳವಳ್ಳಿಯ ಮೂಲೆಯ ಹಳ್ಳಿಯೊಂದರ ದೂರು ದಿಲ್ಲಿಯವರೆಗೆ ನಡೆಯಬೇಕಾದರೆ ಈ ಮೆಟ್ಟಿಲುಗಳನ್ನೇ ಏರಬೇಕು.

ನಾಲೆ, ಕಬ್ಬು, ಕಾರ್ಖಾನೆ

ಈ ಜಿಲ್ಲೆಯ ಕಾರ್ಮಿಕ ಜೀವನಕ್ಕೆ ಮೂಲ ಕಾವೇರಿಯೇ. 1902ರಲ್ಲಿಯೇ ಶಿವನಸಮುದ್ರದ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಿತ್ತು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ಇಳಿದಾಗ ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಪರಿಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು ‘ಮೈಷುಗರ್’. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಊರು ಕಾರ್ಖಾನೆಯನ್ನು ಬೆಳೆಸಿತೋ, ಕಾರ್ಖಾನೆ ಊರನ್ನು ಬೆಳೆಸಿತೋ ಹೇಳುವುದು ಕಷ್ಟ.

ಸಕ್ಕರೆಯ ಕೆಲಸಕ್ಕೆ ಒಂದು ವಿಶೇಷವಿದೆ. ಬಟ್ಟೆಯ ಗಿರಣಿ ವರ್ಷವಿಡೀ ನಡೆದೀತು. ಸಕ್ಕರೆಯ ಕಾರ್ಖಾನೆ ಕಬ್ಬಿದ್ದಾಗ ಮಾತ್ರ ಉಸಿರಾಡುತ್ತದೆ. ಅರೆಯುವ ಹಂಗಾಮಿನಲ್ಲಿ ಹಗಲಿರುಳು ಮೂರು ಪಾಳಿಗಳಲ್ಲಿ ದುಡಿಯುವ ಹಂಗಾಮಿ ಕೆಲಸಗಾರ, ಹಂಗಾಮು ಮುಗಿದೊಡನೆ ಮನೆಗೆ ಹೋಗಬೇಕು. ಉಳಿದ ತಿಂಗಳುಗಳಲ್ಲಿ ಅವನ ಮನೆಯ ಒಲೆ ಉರಿಯುವುದು ಹೇಗೆ? ಹಂಗಾಮು ಇಲ್ಲದ ಕಾಲಕ್ಕೂ ವೇತನದ ಒಂದು ಭಾಗವನ್ನು ‘ಉಳಿಕೆ ಭತ್ಯೆ’ಯೆಂದು ಕೊಡಬೇಕೆಂಬ ಬೇಡಿಕೆ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಒಂದು ಕಾರ್ಖಾನೆಯ ಸಂಘ ತಾನೊಂದೇ ಇದನ್ನು ಕೇಳಿದರೆ, ಪಕ್ಕದ ಕಾರ್ಖಾನೆಯವರು ಕೊಡದಿರುವುದನ್ನು ನಾವೇಕೆ ಕೊಡಬೇಕೆಂಬ ಉತ್ತರ ಸಿದ್ಧವಾಗಿರುತ್ತದೆ. 1957ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಉದ್ಯಮಕ್ಕಾಗಿ ವೇತನ ಮಂಡಲಿಯನ್ನು ರಚಿಸಿದಾಗ ಇಡೀ ದೇಶದ ಸಕ್ಕರೆ ಕೆಲಸಗಾರರ ಪ್ರಶ್ನೆಗಳು ಒಂದೇ ಮೇಜಿನ ಮೇಲೆ ಬಂದವು. ಅಂಥ ಮೇಜಿನ ಮುಂದೆ ಕುಳಿತುಕೊಳ್ಳಲು ಬಿಡಿ ಸಂಘಕ್ಕೆ ಶಕ್ತಿ ಸಾಲದು. ಅಲ್ಲಿ ಬೇಕಾಗುವುದು ಸಂಘಗಳ ಸಂಘ.

ಒಳಗಿನ ಕಷ್ಟ

ಮಂಡಲಿಯ ಕೆಲಸವೆಂದರೆ ಮೆರವಣಿಗೆ, ಕೆಂಪು ಬಾವುಟ, ಘೋಷಣೆ ಎಂದು ಭಾವಿಸುವವರೇ ಹೆಚ್ಚು. ಅವು ವರ್ಷದಲ್ಲಿ ಕೆಲವೇ ದಿನಗಳ ಮಾತು. ಮಿಕ್ಕ ದಿನಗಳಲ್ಲಿ ನಡೆಯುವುದು ಕಾಗದದ ಕೆಲಸ. ಹಾಜರಿ ಪುಸ್ತಕದ ನಕಲು, ಭವಿಷ್ಯನಿಧಿಯ ಲೆಕ್ಕ, ವಜಾ ಆದವನ ಮನವಿ, ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಸಂಧಾನ, ಅದು ಮುರಿದರೆ ನ್ಯಾಯಮಂಡಲಿಯ ಮೆಟ್ಟಿಲು. ಓದು ಬರಹ ಅಷ್ಟಾಗಿ ಬಾರದ ಕೆಲಸಗಾರನಿಗೆ ಕಾಯಿದೆಯ ಕಲಮು ಕಬ್ಬಿಣದ ಕಡಲೆಯಾಗಿರುವಾಗ, ಅದನ್ನು ಅಗಿದು ತಿಳಿಯುವಂತೆ ಮಾಡುವುದೇ ಮಂಡಲಿಯ ದಿನನಿತ್ಯದ ಸೇವೆ.

ಇದಕ್ಕಿಂತ ಕಠಿಣವಾದ ಕೆಲಸ ಇನ್ನೊಂದಿದೆ. ಸಂಯೋಜಿತ ಸಂಘಗಳ ಹಿತ ಯಾವಾಗಲೂ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಖಾಯಂ ಕೆಲಸಗಾರನಿಗೆ ಬೋನಸ್ಸು ಮುಖ್ಯ. ಗುತ್ತಿಗೆಯವನಿಗೆ ನಾಳೆ ಕೆಲಸವುಂಟೇ ಎಂಬುದೇ ಮುಖ್ಯ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆ ವಿಧಿಸಿತು. ಆದರೆ ಕಾರ್ಖಾನೆಯ ಬೊಕ್ಕಸ ಬರಿದಾದಾಗ ರೈತನ ಬಾಕಿಯೂ ಕೆಲಸಗಾರನ ಸಂಬಳವೂ ಒಂದೇ ಬಾಗಿಲಲ್ಲಿ ಕಾದು ನಿಲ್ಲುತ್ತವೆ. ಗದ್ದೆಯಲ್ಲಿ ಕಬ್ಬು ಕಡಿಯುವ ಕೂಲಿಯಾಳು ಹೆಚ್ಚು ಕೂಲಿ ಕೇಳಿದರೆ ಅದನ್ನು ತೆರಬೇಕಾದವನು ಎಷ್ಟೋ ವೇಳೆ ಎರಡೆಕರೆಯ ಬಡ ರೈತನೇ. ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಮುಂದೆ ಬೆಲ್ಲ ತೆಗೆಯುವವರಿಗಂತೂ ಸಂಘವೆಂಬುದು ಇನ್ನೂ ದೂರದ ಮಾತು. ಇವರನ್ನೆಲ್ಲ ಒಂದು ಕಂಬಳಿಯ ಮೇಲೆ ಕೂರಿಸಿ, ಒಬ್ಬನ ಗೆಲುವು ಇನ್ನೊಬ್ಬನ ಸೋಲಾಗದಂತೆ ಬೇಡಿಕೆಯ ಪಟ್ಟಿ ಬರೆಯುವುದರಲ್ಲಿಯೇ ಮಂಡಲಿಯ ನಿಜವಾದ ಪರೀಕ್ಷೆ.

ಮೈಷುಗರಿನ ಇತ್ತೀಚಿನ ಕಥೆ ಇದಕ್ಕೆ ತಕ್ಕ ನಿದರ್ಶನ. ನಷ್ಟದ ಮೇಲೆ ನಷ್ಟ ಬಂದು ಆ ಹಳೆಯ ಕಾರ್ಖಾನೆ ಕೆಲವು ವರ್ಷ ಅರೆಯುವಿಕೆಯನ್ನೇ ನಿಲ್ಲಿಸಿತು. ಅದನ್ನು ಖಾಸಗಿಯವರಿಗೆ ಒಪ್ಪಿಸುವ ಆಲೋಚನೆ ಸರ್ಕಾರದಲ್ಲಿ ನಡೆದಾಗ ಜಿಲ್ಲೆಯಲ್ಲಿ ವಿರೋಧವೆದ್ದಿತು. ಬೆಲೆಯ ವಿಷಯದಲ್ಲಿ, ಕೂಲಿಯ ವಿಷಯದಲ್ಲಿ ಬೇರೆ ಬೇರೆ ದನಿಯವರಾದ ರೈತ ಸಂಘಟನೆಗಳೂ ಕಾರ್ಮಿಕ ಸಂಘಟನೆಗಳೂ ಕಾರ್ಖಾನೆ ಸರ್ಕಾರದ ಕೈಯಲ್ಲಿಯೇ ಉಳಿಯಬೇಕೆಂದು ಕೇಳಿದವು. 2021ರಲ್ಲಿ ಸರ್ಕಾರ ತಾನೇ ಅದನ್ನು ನಡೆಸುವುದಾಗಿ ತೀರ್ಮಾನಿಸಿತು. 2022ರಲ್ಲಿ ಮತ್ತೆ ಕಬ್ಬು ಗಾಣಕ್ಕೆ ಬಿದ್ದಿತು. ಕಾರ್ಖಾನೆಯ ಕಷ್ಟಗಳೆಲ್ಲ ಅಲ್ಲಿಗೇ ತೀರಿದವೆಂದು ಹೇಳಲಾಗದು. ಆದರೆ ಬಾಗಿಲು ಮುಚ್ಚಿದ ಮನೆಯಲ್ಲಿ ಪಾಲಿನ ಜಗಳಕ್ಕೂ ಅವಕಾಶವಿಲ್ಲವೆಂಬ ವಿವೇಕ ಅಂದು ಎಲ್ಲರಿಗೂ ಹೊಳೆದದ್ದು ಸಣ್ಣ ಸಂಗತಿಯಲ್ಲ.

ಹೊಲಿಗೆಯಂತ್ರದ ಮುಂದೆ

ಕಾಲ ಬದಲಾಗಿದೆ. ಸಕ್ಕರೆಯ ಜಿಲ್ಲೆಯ ಹೆಣ್ಣುಮಕ್ಕಳು ಇಂದು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ನಸುಕಿನಲ್ಲೆದ್ದು ಅಡಿಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಊರ ಬಾಗಿಲಿನಲ್ಲಿ ವಾಹನ ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂತೆಗೆಯಲು ಹೊಸ ನಿರ್ಬಂಧ ಬಂದಾಗ ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಹಸ್ರಾರು ಹೆಂಗಸರು ಯಾವ ಸಂಘದ ಕರೆಗೂ ಕಾಯದೆ ಬೀದಿಗಿಳಿದರು. ಎರಡು ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಸಂಘವಿಲ್ಲದೆಯೂ ಗೆಲ್ಲಬಹುದಲ್ಲವೆ ಎಂದು ಕೇಳುವವರಿದ್ದಾರೆ. ಕಾಳ್ಗಿಚ್ಚು ಕಾಡನ್ನು ಬೆಳಗೀತು. ಆದರೆ ಅದರಿಂದ ನಿತ್ಯದ ಅನ್ನ ಬೇಯದು. ಅದಕ್ಕೆ ಒಲೆ ಬೇಕು, ಒಲೆಯನ್ನು ಕಾಯುವವರು ಬೇಕು.

ಮಂಡ್ಯ ಜಿಲ್ಲೆಯದೇ ಆದ ಶ್ರೀರಂಗಪಟ್ಟಣದಲ್ಲಿ 2020ರ ಜೂನ್ ತಿಂಗಳಲ್ಲಿ ನಡೆದುದು ಈ ಮಾತಿಗೆ ಸಾಕ್ಷಿ. ಕೊರೋನಾ ಕಾಲದಲ್ಲಿ ವಿದೇಶದ ಬೇಡಿಕೆ ಕುಗ್ಗಿದುದನ್ನು ಮುಂದಿಟ್ಟು, ಗೋಕುಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿ ಅಲ್ಲಿನ ಘಟಕದ ಸುಮಾರು 1,200 ಕೆಲಸಗಾರರಿಗೆ ಕೆಲಸವಿಲ್ಲವೆಂದಿತು. ಅವರಲ್ಲಿ ಬಹುಮಂದಿ ಹೆಂಗಸರು. ಅವರು ಕಾರ್ಖಾನೆಯ ಆವರಣದಲ್ಲಿ ವಾರಗಟ್ಟಲೆ ಧರಣಿ ಕುಳಿತರು. ಅವರ ಸಂಘವಾದ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಒಂಟಿಯಾಗಿರಲಿಲ್ಲ. ದೇಶದೊಳಗೆ ಎನ್‌ಟಿಯುಐ, ಹೊರಗೆ ಇಂಡಸ್ಟ್ರಿಆಲ್ ಎಂಬ ಜಾಗತಿಕ ಒಕ್ಕೂಟ ಅದರ ಬೆನ್ನಿಗಿದ್ದವು. ಆದುದರಿಂದಲೇ ಶ್ರೀರಂಗಪಟ್ಟಣದ ಹೊಲಿಗೆಯವಳ ಮಾತು, ಆ ಬಟ್ಟೆಗಳನ್ನು ಕೊಳ್ಳುತ್ತಿದ್ದ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪೆನಿಯ ಕಿವಿಗೂ ಬಿದ್ದಿತು. ಕಾಯುವ ತ್ರಾಣ ಮುಗಿದು ಎಷ್ಟೋ ಮಂದಿ ನಡುವೆ ಪರಿಹಾರ ಪಡೆದು ಕೆಲಸ ಬಿಟ್ಟರು. ಆದರೂ 2021ರ ಫೆಬ್ರವರಿಯಲ್ಲಿ ಸಂಘಕ್ಕೆ ಮಾನ್ಯತೆ ನೀಡುವ ಮತ್ತು ಕೆಲಸ ಕಳೆದುಕೊಂಡವರಿಗೆ ತನ್ನ ಬೇರೆ ಘಟಕಗಳಲ್ಲಿ ಕೆಲಸ ಕೊಡಮಾಡುವ ಒಪ್ಪಂದಕ್ಕೆ ಕಂಪೆನಿ ಸಹಿಹಾಕಿತು.

ಒಂಟಿ ಕೆಲಸಗಾತಿಯ ಸಂಘ

ಕಾರ್ಖಾನೆಯ ಕೆಲಸಗಾರರಿಗೆ ಕನಿಷ್ಠಪಕ್ಷ ಒಂದು ಗೇಟಾದರೂ ಇದೆ. ಅಲ್ಲಿ ನಿಂತು ನಾಲ್ಕು ಮಾತನಾಡಬಹುದು. ಆದರೆ ಹಳ್ಳಿಗೊಬ್ಬರಂತೆ ಚದುರಿದ ಅಂಗನವಾಡಿ ಕಾರ್ಯಕರ್ತೆಯರು, ಅಕ್ಷರ ದಾಸೋಹದ ಬಿಸಿಯೂಟದವರು, ಆಶಾ ಕಾರ್ಯಕರ್ತೆಯರು ಎಲ್ಲಿ ಸೇರಬೇಕು? 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರ. ಅಂದಿನಿಂದಲೂ ಅವರಿಗೆ ದೊರೆಯುವುದು ‘ವೇತನ’ವಲ್ಲ, ‘ಗೌರವಧನ’. ಶಬ್ದದಲ್ಲಿ ಗೌರವವೇನೋ ತುಂಬಿದೆ. ಆದರೆ ಕೆಲಸಗಾರರೆಂಬ ಪದವಿ ಮಾತ್ರ ದೊರೆಯದು.

ಈ ಒಂದು ಪದಕ್ಕಾಗಿ ನಡೆದ ಹೋರಾಟ ದೀರ್ಘವಾದುದು. ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲವೆಂದು ಕರ್ನಾಟಕದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತಿತು. 2013ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ 45ನೆಯ ಅಧಿವೇಶನ, ಯೋಜನಾ ಕಾರ್ಯಕರ್ತರನ್ನು ಕೆಲಸಗಾರರೆಂದು ಪರಿಗಣಿಸಬೇಕೆಂದು ಶಿಫಾರಸು ಮಾಡಿತು. ಸರ್ಕಾರ, ಮಾಲೀಕರು, ಕೇಂದ್ರ ಕಾರ್ಮಿಕ ಸಂಘಟನೆಗಳು ಮೂವರೂ ಕೂಡುವ ಆ ಸಮ್ಮೇಳನದಲ್ಲಿ ಹಳ್ಳಿಯ ಹೆಣ್ಣುಮಗಳ ಪರವಾಗಿ ಕುಳಿತದ್ದು ಸಂಘಗಳ ಸಂಘವೇ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, 1972ರ ಉಪದಾನ ಕಾಯಿದೆ ಅಂಗನವಾಡಿಯವರಿಗೂ ಅನ್ವಯಿಸುವುದೆಂದು ಸಾರಿತು. 2023ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತದ್ದು ಈ ಉಪದಾನಕ್ಕಾಗಿಯೇ. ನಿವೃತ್ತಿಯ ದಿನ ಬರಿಗೈಯಲ್ಲಿ ಮನೆಗೆ ಹೋಗದಿರುವುದೆಂದರೆ, ದಶಕಗಳ ಕಾಲ ಊರ ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಅದು ಹಣಕ್ಕಿಂತ ಮಿಗಿಲಾದ ಮಾನದ ಪ್ರಶ್ನೆ.

ಹೊಸ ಸಂಹಿತೆ, ಹೊಸ ಪ್ರಶ್ನೆ

ಮೈಸೂರು ಸಂಸ್ಥಾನದ 1942ರ ಕಾರ್ಮಿಕ ಕಾಯಿದೆಯಿಂದ ಇಂದಿನವರೆಗೆ ನಿಯಮಗಳು ಹಲವು ಬಾರಿ ಬದಲಾಗಿವೆ. ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ 1926ರ ಕಾರ್ಮಿಕ ಸಂಘಗಳ ಕಾಯಿದೆಯ ಪ್ರಕಾರ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದಾಗಿತ್ತು. 2001ರ ತಿದ್ದುಪಡಿ ಕೆಲಸಗಾರರಲ್ಲಿ ನೂರಕ್ಕೆ ಹತ್ತರಷ್ಟು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು, ಸದಸ್ಯರನ್ನು ಕೇಳಿತು. ಆ ಕಾಯಿದೆಯನ್ನೂ 1947ರ ಔದ್ಯೋಗಿಕ ವಿವಾದಗಳ ಕಾಯಿದೆಯನ್ನೂ ಒಳಗೊಂಡು 2020ರಲ್ಲಿ ರಚಿತವಾದ ಔದ್ಯೋಗಿಕ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಖಾನೆಯೊಂದರ ಶೇಕಡಾ 51 ಕೆಲಸಗಾರರ ಬೆಂಬಲವುಳ್ಳ ಸಂಘವೇ ಮಾತುಕತೆಯ ಹಕ್ಕುದಾರ. ಅಂಥದೊಂದಿಲ್ಲದಿದ್ದರೆ ಶೇಕಡಾ 20ಕ್ಕೆ ಕಡಿಮೆಯಿಲ್ಲದ ಬೆಂಬಲವುಳ್ಳ ಸಂಘಗಳು ಕೂಡಿ ಸಂಧಾನ ಮಂಡಲಿಯಾಗಬೇಕು. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಎಲ್ಲ ಕಾರ್ಖಾನೆಗಳಲ್ಲಿಯೂ ಅಗತ್ಯ. ಮುಚ್ಚುಗಡೆಗೆ ಸರ್ಕಾರದ ಅನುಮತಿ ಬೇಕೆಂಬ ನಿಯಮ ಈಗ 300 ಮಂದಿಗಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆಗಳನ್ನು ಮುಟ್ಟದು.

ಉದ್ಯಮ ಬೆಳೆಯಲು ಇದು ಅನುಕೂಲವೆಂಬುದು ಸರ್ಕಾರದ ವಾದ. ಸಣ್ಣ ಕಾರ್ಖಾನೆಗಳ ಕೆಲಸಗಾರರ ರಕ್ಷಣೆ ಕುಗ್ಗಿತೆಂಬುದು ಹಲವು ಕೇಂದ್ರ ಸಂಘಟನೆಗಳ ಆಕ್ಷೇಪ. 2025ರ ಜುಲೈ 9ರಂದು ಅವು ಜಂಟಿಯಾಗಿ ದೇಶವ್ಯಾಪಿ ಮುಷ್ಕರ ನಡೆಸಿದುದರ ಹಿಂದೆ ಈ ಆಕ್ಷೇಪವೂ ಇತ್ತು. ವಾದ ಯಾರದೇ ಗೆಲ್ಲಲಿ, ಒಂದು ಮಾತು ಸ್ಪಷ್ಟ. ಚಿಕ್ಕಚಿಕ್ಕ ಸಂಘಗಳು ತಮ್ಮ ತಮ್ಮಲ್ಲೇ ಸೆಣಸಿ ಶಕ್ತಿಗುಂದಿದರೆ ಸಂಧಾನದ ಕುರ್ಚಿ ಖಾಲಿಯಾಗಿಯೇ ಉಳಿದೀತು. ಕೂಡಿ ಕೇಳುವ ಕಲೆ ಹಿಂದೆಂದಿಗಿಂತಲೂ ಈಗ ಅಗತ್ಯ.

ಹನಿಗೂಡಿದರೆ ಹಳ್ಳವೆಂಬ ಗಾದೆಯ ಅರ್ಥವನ್ನು ನಾಲೆಯ ಬಯಲಿನ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ನಿಂತ ನೀರು ನೂರು ತೂಬುಗಳಲ್ಲಿ ಹಂಚಿಹೋದಾಗಲೇ ಕೊನೆಯ ಗದ್ದೆ ಹಸಿರಾಗುವುದು. ಸಂಘಗಳ ಸಂಘಕ್ಕೂ ಅದೇ ಧರ್ಮ. ಒಟ್ಟುಗೂಡಿಸಿದ ಬಲ ನಾಲೆಯ ಮೊದಲಲ್ಲೇ ನಿಲ್ಲದೆ, ಕಟ್ಟಕಡೆಯ ಹಳ್ಳಿಯ ಒಂಟಿ ಕೆಲಸಗಾತಿಯವರೆಗೆ ಹರಿಯುವುದೇ ಎಂಬುದೊಂದೇ ಅದನ್ನು ಅಳೆಯುವ ಮಾನದಂಡ.