ಗುಂಡು ಹಾರಿಸುವಾಗ ಬೆಚ್ಚುವುದು ಪುಕ್ಕಲುತನವೇ? ಹೆಚ್ಚು ಹಾರಿಸಿದರೆ ಸರಿಹೋಗುತ್ತದೆಯೇ?

"ಕೋವಿ ಹಿಡಿದು ಬೆಚ್ಚುವವನಿಗೆ ಗುಂಡಿಗೆ ಸಾಲದು. ಇನ್ನೂ ಹತ್ತು ಗುಂಡು ಹೊಡೆಸಿ, ಹೆದರಿಕೆ ತಾನಾಗಿ ಹೋಗುತ್ತದೆ." ಎನ್‌ಸಿಸಿ ಕ್ಯಾಂಪಿನಲ್ಲೋ, ಕೊಡಗಿನ ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೋ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದರಲ್ಲಿ ಎರಡು ತಪ್ಪುಗಳಿವೆ. ಬೆಚ್ಚುವುದು ಪುಕ್ಕಲುತನವಲ್ಲ. ಹೆಚ್ಚು ಹಾರಿಸಿದರೆ ಅದು ಹೋಗುವುದೂ ಇಲ್ಲ, ಬಹಳ ಸಲ ಇನ್ನಷ್ಟು ಗಟ್ಟಿಯಾಗುತ್ತದೆ.

ಗುರಿ ತಪ್ಪುವುದು ಸದ್ದಿನಿಂದಲೇ?

ಅಲ್ಲ. .22 ರೈಫಲ್‌ನ ಗುಂಡು ನಳಿಕೆಯಿಂದ ಹೊರಬೀಳಲು ಬೇಕಾಗುವುದು ಸುಮಾರು 2ರಿಂದ 3 ಮಿಲಿಸೆಕೆಂಡ್. ದೊಡ್ಡ ಸದ್ದು ಕೇಳಿ ನಮ್ಮ ಕಣ್ಣುರೆಪ್ಪೆ ಮುಚ್ಚಲು 30 ಮಿಲಿಸೆಕೆಂಡ್‌ಗೂ ಹೆಚ್ಚು ಬೇಕು. ಕುತ್ತಿಗೆ, ಭುಜ ಅದುರುವುದು ಅದಕ್ಕಿಂತ ತಡ. ಅಂದರೆ ಸದ್ದಿಗೆ ನೀವು ಬೆಚ್ಚುವ ಹೊತ್ತಿಗೆ ಗುಂಡು ನಳಿಕೆ ಬಿಟ್ಟು ಹೋಗಿಯಾಗಿರುತ್ತದೆ.

ಹಾಗಾದರೆ ಗುರಿ ಕೆಡಿಸಿದ್ದು ಯಾವುದು? ಸದ್ದಿಗೆ ಮೊದಲೇ ಆದ ಅಲುಗಾಟ. ಇಂಜೆಕ್ಷನ್ ಸೂಜಿ ಚುಚ್ಚುವ ಮುನ್ನವೇ ತೋಳು ಬಿಗಿಯಾಗುತ್ತದಲ್ಲ, ಇದೂ ಹಾಗೆಯೇ. ಟ್ರಿಗರ್ ಒತ್ತಿದಾಗಲೆಲ್ಲ ಭುಜಕ್ಕೆ ಒದೆ, ಕಿವಿಗೆ ಸಿಡಿಲು ಎಂಬುದನ್ನು ಮಿದುಳು ಕೆಲವೇ ಗುಂಡುಗಳಲ್ಲಿ ಕಲಿತುಬಿಡುತ್ತದೆ. ಮುಂದಿನ ಸಲ ಬೆರಳು ಅಲುಗಿದ ಕೂಡಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ. ನೋವು ಕೊಡುವ ಪ್ರತಿ ಗುಂಡೂ ಈ ಪಾಠವನ್ನು ಮತ್ತೊಮ್ಮೆ ಕಲಿಸುತ್ತದೆ. "ಇನ್ನೂ ಹತ್ತು ಹೊಡೆಸಿ" ಎಂಬ ಸಲಹೆ ಕೆಲಸ ಮಾಡದಿರುವುದು ಇದಕ್ಕೇ.

ನಿಂತು ಹೊಡೆಯುವಾಗಲೇ ಏಕೆ ಹೆಚ್ಚು?

ಮಲಗಿ ಹೊಡೆಯುವಾಗ ಎರಡೂ ಮೊಣಕೈಗೆ ನೆಲದ ಆಸರೆ ಇರುತ್ತದೆ. ನಿಂತಾಗ ಆ ಆಸರೆ ಇಲ್ಲ, ಕೋವಿಯ ತುದಿ ಸದಾ ಅಲುಗುತ್ತಲೇ ಇರುತ್ತದೆ. ಗುರಿ ಸರಿಯಾಗಿ ಕಂಡ ಕ್ಷಣದಲ್ಲಿ "ಈಗಲೇ!" ಎಂದು ಟ್ರಿಗರನ್ನು ಜಗ್ಗುತ್ತೇವೆ. ಆ ಜಗ್ಗುವಿಕೆಯ ಜೊತೆಗೇ ಬೆಚ್ಚುವಿಕೆಯೂ ಬರುತ್ತದೆ. ಹಿಂದಿನ ಮತ್ತು ಮುಂದಿನ ಗುರಿಗಣ್ಣುಗಳ ನಡುವೆ 65 ಸೆಂಟಿಮೀಟರ್ ಅಂತರವಿದ್ದರೆ, ಮುಂದಿನದು 1 ಮಿಲಿಮೀಟರ್ ಸರಿದರೂ 25 ಮೀಟರ್ ದೂರದಲ್ಲಿ ಗುಂಡು ಸುಮಾರು 4 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ.

ಮೊದಲು ಕಿವಿ, ಆಮೇಲೆ ಗುರಿ

ಬೆಚ್ಚುವಿಕೆಯಲ್ಲಿ ಒದೆಗಿಂತ ಸದ್ದಿನ ಪಾಲು ದೊಡ್ಡದಿರಬಹುದು. ದೊಡ್ಡ ರೈಫಲ್‌ಗಳ ಸದ್ದು 150 ಡೆಸಿಬಲ್ ದಾಟುತ್ತದೆ. 140 ಡೆಸಿಬಲ್ ಮೀರಿದ ಸಿಡಿತ ಒಂದೇ ಸಲಕ್ಕೆ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. "ಹತ್ತಿ ಇಟ್ಟುಕೊಂಡರೆ ಸಾಕು" ಎಂಬುದೂ ಸುಳ್ಳು, ಹತ್ತಿ ತಡೆಯುವ ಸದ್ದು ಬಹಳ ಕಡಿಮೆ. ಸರಿಯಾದ ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಕರಗುವವರು ಎಷ್ಟೋ ಮಂದಿ.

ಬೆಚ್ಚುವುದನ್ನು ಬಿಡಿಸುವುದು ಹೇಗೆ?

ಇವೆಲ್ಲವೂ ಶೂಟಿಂಗ್ ರೇಂಜಿನಲ್ಲಿ, ತರಬೇತುದಾರರ ಎದುರಿನಲ್ಲಿ ಮಾತ್ರ.

1. ಹಿಡಿತ: ಕೋವಿಯ ಹಿಂಭಾಗವನ್ನು ಭುಜದ ಗುಳಿಗೆ ಸರಿಯಾಗಿ ಒತ್ತಿ ಹಿಡಿಯಿರಿ. ಸಡಿಲ ಹಿಡಿದರೆ ಒದೆ ಕಡಿಮೆಯಾಗುತ್ತದೆ ಎಂಬುದು ತಪ್ಪು. ನಡುವೆ ಜಾಗವಿದ್ದರೆ ಕೋವಿ ಓಡಿಬಂದು ಗುದ್ದುತ್ತದೆ. ಕೋವಿಯ ಭಾರ ಹೊರುವ ಕೈಯ ಮೊಣಕೈಯನ್ನು ಪಕ್ಕೆಲುಬಿಗೋ ಸೊಂಟಕ್ಕೋ ಆನಿಸಿದರೆ ಭಾರವನ್ನು ಸ್ನಾಯುವಿನ ಬದಲು ಮೂಳೆ ಹೊರುತ್ತದೆ.

2. ಖಾಲಿ ಅಭ್ಯಾಸ: ಕೋವಿ ಖಾಲಿ ಇದೆಯೆಂದು ಇಬ್ಬರು ಪರೀಕ್ಷಿಸಿದ ಮೇಲೆ, ಗುರಿ ಹಿಡಿದು ಟ್ರಿಗರ್ ಒತ್ತಿ. "ಟಕ್" ಎಂದಾಗ ಕೋವಿಯ ತುದಿ ಅಲುಗಬಾರದು. ಸದ್ದೂ ಒದೆಯೂ ಇಲ್ಲದ ನೂರಾರು ಒತ್ತುವಿಕೆಗಳು ಮಿದುಳಿಗೆ ಹೊಸ ಪಾಠ ಕಲಿಸುತ್ತವೆ. ಕೆಲವು .22 ರೈಫಲ್‌ಗಳಿಗೆ ಖಾಲಿ ಹೊಡೆತದಿಂದ ಹಾನಿಯಾಗಬಹುದು, ಅದಕ್ಕೆ ಡಮ್ಮಿ ಗುಂಡು ಬಳಸಬೇಕು.

3. ಡಮ್ಮಿ ಪರೀಕ್ಷೆ: ತರಬೇತುದಾರರು ನಿಮಗೆ ತಿಳಿಯದಂತೆ ನಿಜ ಗುಂಡುಗಳ ನಡುವೆ ಡಮ್ಮಿ ಸೇರಿಸುತ್ತಾರೆ. ಡಮ್ಮಿ ಬಂದಾಗ ಸದ್ದಿಲ್ಲ, ಆದರೂ ಕೋವಿಯ ತುದಿ ಕೆಳಕ್ಕೆ ಕುಕ್ಕರಿಸಿದರೆ ಬೆಚ್ಚಿದ್ದು ನೀವೇ! ನಿಜ ಗುಂಡೇ ಸಿಡಿಯದೆ ಉಳಿದಿರಲೂಬಹುದು. ಆದ್ದರಿಂದ ಸಿಡಿಯದಿದ್ದಾಗಲೆಲ್ಲ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತರಬೇತುದಾರರು ಹೇಳಿದಂತೆ ಮಾಡಿ.

4. ಅಲುಗಾಟವನ್ನು ಒಪ್ಪಿಕೊಳ್ಳಿ: ನಿಂತಾಗ ಕೋವಿ ಪೂರ್ತಿ ನಿಲ್ಲುವುದಿಲ್ಲ. ಅಲುಗಾಟದ ನಡುವೆಯೇ ಟ್ರಿಗರ್ ಮೇಲಿನ ಒತ್ತಡವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಎಂಟು-ಹತ್ತು ಸೆಕೆಂಡಿನಲ್ಲಿ ಗುಂಡು ಹಾರದಿದ್ದರೆ ಬೆರಳು ತೆಗೆದು, ಕೋವಿ ಇಳಿಸಿ, ಉಸಿರಾಡಿ, ಮತ್ತೆ ಶುರುಮಾಡಿ. ಹಾರಿದ ಮೇಲೂ ಒಂದು ಕ್ಷಣ ಗುರಿಯನ್ನೇ ನೋಡುತ್ತಿರಿ.

5. ಚಿಕ್ಕದಕ್ಕೆ ಇಳಿಯಿರಿ: ದೊಡ್ಡ ಕೋವಿ ಬಿಟ್ಟು .22ಕ್ಕೆ ಅಥವಾ ಏರ್ ರೈಫಲ್‌ಗೆ ಬನ್ನಿ. ಭುಜ ನೋಯಲು ಶುರುವಾದರೆ ಅಂದಿನ ಅಭ್ಯಾಸ ಮುಗಿಸಿ.

ಚಿಕ್ಕದಕ್ಕೆ ಇಳಿಯುವುದು ಅವಮಾನವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ, ನಿಂತೇ. ಆ ಸ್ಪರ್ಧೆಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ ಕೊನೆಗೆ ನಿರ್ಧಾರವಾಗುವುದು ನಿಂತು ಹೊಡೆಯುವ ಸುತ್ತಿನಲ್ಲೇ. ಅದು .22 ರೈಫಲ್‌ನ ಸ್ಪರ್ಧೆ.

ನೆನಪಿಡಿ: ಬೆಚ್ಚುವುದು ಮಿದುಳು ಕಲಿತ ಅಭ್ಯಾಸ. ಕಲಿತದ್ದನ್ನು ಮರೆಸಲೂ ಬರುತ್ತದೆ. ಬೆಚ್ಚುವ ಹುಡುಗನನ್ನೋ ಹುಡುಗಿಯನ್ನೋ ನೋಡಿ ನಗುವ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಅವರ ಕಿವಿಯ ಕಡೆ ನೋಡಿ. ಕಿವಿ ಬರಿದಾಗಿದ್ದರೆ ತಪ್ಪು ಅವರದಲ್ಲ, ಹಾಗೆಯೇ ಕೈಗೆ ಕೋವಿ ಕೊಟ್ಟವರದು.