ಫೋಮ್ ಸ್ಯಾಡಲ್ (ಕನೂ)

ಫೋಮ್ ಸ್ಯಾಡಲ್ ಎಂಬುದು ರಭಸದ ನೀರಿನಲ್ಲಿ ಬಳಸುವ ಕನೂ ದೋಣಿಯ ತಳಕ್ಕೆ ಅಂಟಿಸಲಾಗುವ, ಕುದುರೆಯ ಜೀನನ್ನು ಹೋಲುವ ಆಸನ. ಹುಟ್ಟುಗಾರನು ಮಂಡಿಯೂರಿ, ಈ ದಿಮ್ಮಿಯನ್ನು ಎರಡು ತೊಡೆಗಳ ನಡುವೆ ಇರಿಸಿಕೊಂಡು ಅದರ ಮೇಲೆ ಕುಳಿತುಕೊಳ್ಳುತ್ತಾನೆ. ಕಯಾಕ್‌ನಲ್ಲಿ ಕಾಲು ಚಾಚಿ ಕುಳಿತು ಎರಡು ಅಲಗಿನ ಹುಟ್ಟನ್ನು ಬಳಸಿದರೆ, ಕನೂದಲ್ಲಿ ಒಂದೇ ಅಲಗಿನ ಹುಟ್ಟು ಇರುತ್ತದೆ. ಆದ್ದರಿಂದ ದೋಣಿಯನ್ನು ವಾಲಿಸುವ, ತಿರುಗಿಸುವ ಹಾಗೂ ಮಗುಚದಂತೆ ಹಿಡಿದಿಡುವ ಕೆಲಸದ ಬಹುಪಾಲು ಸೊಂಟ ಮತ್ತು ಮಂಡಿಗಳ ಮೂಲಕವೇ ನಡೆಯುತ್ತದೆ. ದೇಹಕ್ಕೂ ದೋಣಿಗೂ ನಡುವಿನ ಈ ಸಂಪರ್ಕವನ್ನು ಸ್ಯಾಡಲ್ ಒದಗಿಸುತ್ತದೆ.

ಸಾಮಗ್ರಿ

ಸ್ಯಾಡಲ್‌ಗೆ ಮುಚ್ಚಿದ ಕೋಶಗಳುಳ್ಳ ಪಾಲಿಎಥಿಲೀನ್ ಫೋಮ್ ಸೂಕ್ತ. ಇದರ ಸಣ್ಣ ಗುಳ್ಳೆಗಳು ಒಂದಕ್ಕೊಂದು ತೆರೆದಿರುವುದಿಲ್ಲವಾದ್ದರಿಂದ ನೀರನ್ನು ಹೀರುವುದಿಲ್ಲ. ಹಾಸಿಗೆ ಮತ್ತು ಸೋಫಾಗಳಲ್ಲಿ ಬಳಸುವ ಮೆತ್ತನೆಯ ಪಾಲಿಯುರೆಥೇನ್ ಫೋಮ್ ತೆರೆದ ಕೋಶಗಳದ್ದು. ಅದು ನೀರು ಕುಡಿದು ಭಾರವಾಗುತ್ತದೆ, ದೇಹದ ಭಾರಕ್ಕೆ ಕುಸಿಯುತ್ತದೆ. ಆದ್ದರಿಂದ ಈ ಕೆಲಸಕ್ಕೆ ಅದು ಒಗ್ಗುವುದಿಲ್ಲ.

ಎತ್ತರ ಮತ್ತು ಸ್ಥಾನ

ಆಸನದ ಎತ್ತರ ಸಾಮಾನ್ಯವಾಗಿ 18ರಿಂದ 25 ಸೆಂ.ಮೀ. ಇರುತ್ತದೆ. ಎತ್ತರ ಕಡಿಮೆಯಾದಷ್ಟೂ ಗುರುತ್ವಕೇಂದ್ರ ಕೆಳಗಿಳಿದು ದೋಣಿ ಹೆಚ್ಚು ಸ್ಥಿರವಾಗುತ್ತದೆ. ಆದರೆ ಮಂಡಿಗಳು ಹೆಚ್ಚು ಮಡಿಸಲ್ಪಟ್ಟು ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಎತ್ತರ ಹೆಚ್ಚಿದರೆ ಕಾಲಿಗೆ ಆರಾಮ ದೊರೆತು, ಸ್ಥಿರತೆ ತಗ್ಗುತ್ತದೆ. ಹೀಗಾಗಿ ಮೊದಲು ಎತ್ತರವಾಗಿಯೇ ಇಟ್ಟು, ಅಭ್ಯಾಸವಾದಂತೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ ತಗ್ಗಿಸುವುದು ಒಳ್ಳೆಯ ಕ್ರಮ. ಕತ್ತರಿಸಿದ ಫೋಮನ್ನು ಮತ್ತೆ ಸೇರಿಸುವುದು ಕಷ್ಟ.

ಮಂಡಿಯೂರಿದಾಗ ತೊಡೆ ಮತ್ತು ಮಂಡಿಗಳ ಭಾರ ಆಸನಕ್ಕಿಂತ ಮುಂದೆ ಬೀಳುವುದರಿಂದ, ಸ್ಯಾಡಲನ್ನು ದೋಣಿಯ ನಟ್ಟನಡುವಿಗಿಂತ ತುಸು ಹಿಂದೆ ಇರಿಸಬೇಕಾಗುತ್ತದೆ. ಖಚಿತ ಸ್ಥಾನವನ್ನು ನಿಂತ ನೀರಿನಲ್ಲಿ ಕಂಡುಕೊಳ್ಳಲಾಗುತ್ತದೆ. ಅಂಟಿಸದೆ ಇಟ್ಟ ಸ್ಯಾಡಲ್ ಮೇಲೆ ಹುಟ್ಟುಗಾರ ಕುಳಿತಾಗ ದಡದಲ್ಲಿರುವ ಇನ್ನೊಬ್ಬರು ದೋಣಿಯ ಮೂತಿ ಮತ್ತು ಹಿಂಬದಿ ಸಮಮಟ್ಟದಲ್ಲಿವೆಯೇ ಎಂದು ನೋಡಿ ಗುರುತು ಹಾಕುತ್ತಾರೆ.

ಆಕಾರ ಕೊಡುವಿಕೆ

ಉದ್ದ ಅಲಗಿನ ಚಾಕು ಅಥವಾ ಸಣ್ಣ ಹಲ್ಲಿನ ಗರಗಸದಿಂದ ಒರಟು ಆಕಾರ ಕತ್ತರಿಸಿ, ಅರದಿಂದ ಉಜ್ಜಿ, ಕೊನೆಗೆ ಸ್ಯಾಂಡ್‌ಪೇಪರ್‌ನಿಂದ ನಯಗೊಳಿಸಲಾಗುತ್ತದೆ. ಕುಳಿತುಕೊಳ್ಳುವ ಭಾಗ ಹಿಂದೆ ಸ್ವಲ್ಪ ಏರಿ ಸೊಂಟ ಜಾರದಂತೆ ತಡೆಯಬೇಕು. ತೊಡೆಗೆ ತಾಗುವ ಪಕ್ಕಗಳನ್ನು ಇಳಿಜಾರಾಗಿ ಕೊರೆಯಲಾಗುತ್ತದೆ. ಚೂಪಾದ ಅಂಚುಗಳು ಉಳಿದರೆ ಅವು ತೊಡೆಯ ನರಗಳನ್ನು ಒತ್ತಿ ಕಾಲು ಜೋಮು ಹಿಡಿಯುವಂತೆ ಮಾಡುತ್ತವೆ. ಇದು ಕೇವಲ ಅನನುಕೂಲವಲ್ಲ: ಜೋಮು ಹಿಡಿದ ಕಾಲುಗಳಿಂದ ಮಗುಚಿದ ದೋಣಿಯಿಂದ ಬೇಗ ಹೊರಬರಲಾಗದು.

ಅಂಟಿಸುವಿಕೆ

ದೋಣಿಯ ತಳ ಮತ್ತು ಫೋಮ್ ಎರಡನ್ನೂ ಸ್ವಚ್ಛಗೊಳಿಸಿ, ಎರಡೂ ಮೇಲ್ಮೈಗಳಿಗೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟನ್ನು ತೆಳುವಾಗಿ ಬಳಿಯಲಾಗುತ್ತದೆ. ಬೆರಳಿಗೆ ಮೆತ್ತಿಕೊಳ್ಳದಷ್ಟು ಒಣಗಿದ ಬಳಿಕವೇ ಜೋಡಿಸಬೇಕು. ತಾಗಿದ ಕೂಡಲೇ ಅಂಟು ಕಚ್ಚಿಕೊಳ್ಳುವುದರಿಂದ ಸ್ಥಾನವನ್ನು ಆಮೇಲೆ ಸರಿಪಡಿಸಲಾಗದು. ಅಂಟಿನ ಆವಿಗೆ ಸುಲಭವಾಗಿ ಬೆಂಕಿ ತಗಲುವುದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಈ ಕೆಲಸ ಮಾಡುವುದು ಅಗತ್ಯ. ಪಾಲಿಎಥಿಲೀನ್‌ನಿಂದ ಮಾಡಿದ ದೋಣಿಗಳಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅವುಗಳಲ್ಲಿ ಸ್ಯಾಡಲನ್ನು ಬೋಲ್ಟು ಮತ್ತು ಪಟ್ಟಿಗಳಿಂದ ಬಿಗಿಯಲಾಗುತ್ತದೆ. ಹಿಂದೆ ಬಹಳ ಬಳಕೆಯಲ್ಲಿದ್ದ ರಾಯಲೆಕ್ಸ್ ಎಂಬ ಪದರ ಪ್ಲಾಸ್ಟಿಕ್‌ನ ತಯಾರಿಕೆ 2014ರಲ್ಲಿ ನಿಂತಿತು.

ಪೂರಕ ಭಾಗಗಳು ಮತ್ತು ಸುರಕ್ಷತೆ

ಮಂಡಿಗಳ ಕೆಳಗೆ ಬಟ್ಟಲಿನಂತೆ ಕೊರೆದ ಫೋಮ್ ಮೆತ್ತೆ, ಪಾದದ ತುದಿಗೆ ಆನಿಕೆ, ತೊಡೆಗಳ ಮೇಲೆ ಪಟ್ಟಿ ಇವು ಸ್ಯಾಡಲ್ ಜೊತೆಗಿನ ಅಂಗಗಳು. ಪಾದದಿಂದ ಆನಿಕೆಯನ್ನು ಒತ್ತಿದಾಗ ಮಂಡಿಗಳು ಮುಂದೆ ಸರಿದು ಪಟ್ಟಿಗಳು ಬಿಗಿಯಾಗುತ್ತವೆ; ಒತ್ತಡ ಬಿಟ್ಟರೆ ಸಡಿಲವಾಗುತ್ತವೆ. ಪಟ್ಟಿಗಳನ್ನು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಅಳವಡಿಸಬೇಕು. ಪಾದರಕ್ಷೆ ಸ್ಯಾಡಲ್ ಹಾಗೂ ದೋಣಿಯ ಗೋಡೆಯ ನಡುವೆ ಸಿಕ್ಕಿಕೊಳ್ಳದಷ್ಟು ತೆರಪು ಇರಬೇಕು. ಹೊಸ ಜೋಡಣೆಯನ್ನು ನದಿಗಿಳಿಸುವ ಮೊದಲು, ನಿಂತ ನೀರಿನಲ್ಲಿ ಜೊತೆಗಾರರ ಸಮ್ಮುಖದಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ ಹೊರಬಂದು ಪರೀಕ್ಷಿಸುವುದು ಅತ್ಯಗತ್ಯ. ದೇಹಕ್ಕೆ ಬಿಗಿಯಾಗಿ ಹೊಂದುವುದೂ ತಕ್ಷಣ ಬಿಡಿಸಿಕೊಳ್ಳುವುದೂ ಒಟ್ಟಿಗೆ ಸಾಧ್ಯವಾದಾಗ ಮಾತ್ರ ಜೋಡಣೆ ಸರಿಯಾಗಿದೆ ಎನ್ನಬಹುದು.

ಸ್ಪರ್ಧೆಗಳಲ್ಲಿ

ಕನೂ ಸ್ಲಾಲಂ ಕ್ರೀಡೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮೊದಲು ಸೇರ್ಪಡೆಯಾಗಿ, 1992ರ ಬಾರ್ಸಿಲೋನಾ ಕೂಟದಿಂದ ನಿರಂತರವಾಗಿ ನಡೆಯುತ್ತಿದೆ. ಮಹಿಳೆಯರ ಏಕವ್ಯಕ್ತಿ ಕನೂ ಸ್ಲಾಲಂ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಆರಂಭವಾಯಿತು. ಈ ಸ್ಪರ್ಧೆಯಲ್ಲೂ ಹುಟ್ಟುಗಾರರು ಮಂಡಿಯೂರಿಯೇ ಕೂರುತ್ತಾರೆ.

ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ರಭಸದ ನೀರಿನ ಕ್ರೀಡೆಗೆ ಹೆಸರಾದ ತಾಣಗಳು ಉತ್ತರ ಕನ್ನಡದ ದಾಂಡೇಲಿ, ಗಣೇಶಗುಡಿ ಸುತ್ತಲಿನ ಕಾಳಿ ನದಿ ಮತ್ತು ದಕ್ಷಿಣ ಕೊಡಗಿನ ಬರಪೊಳೆ. ಕಾಳಿಯ ಹರಿವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದ್ದರೆ, ಬರಪೊಳೆಯದು ಮಳೆಗಾಲದ ಹರಿವು. ಎರಡೂ ಕಡೆ ಮುಖ್ಯವಾಗಿ ನಡೆಯುವುದು ಗಾಳಿ ತುಂಬಿದ ರ‍್ಯಾಫ್ಟ್‌ಗಳ ಪ್ರಯಾಣ. ಅವುಗಳಲ್ಲಿ ಅಂಚಿನ ಕೊಳವೆಯ ಮೇಲೆ ಕೂರುವುದರಿಂದ ಸ್ಯಾಡಲ್ ಬೇಕಾಗುವುದಿಲ್ಲ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಕಾಣುವ ಬಿದಿರಿನ ಹರಿಗೋಲಿಗೂ ಇಂಥ ಸ್ಥಿರ ಆಸನವಿಲ್ಲ. ಇಲ್ಲಿನ ಬಿಸಿಲಿನಲ್ಲಿ ಕಾಂಟ್ಯಾಕ್ಟ್ ಸಿಮೆಂಟಿನ ಹಿಡಿತ ಸಡಿಲವಾಗಬಹುದಾದ್ದರಿಂದ, ಸ್ಯಾಡಲ್ ಅಳವಡಿಸಿದ ಕನೂವನ್ನು ನೆರಳಿನಲ್ಲಿ ಇರಿಸುವುದು ಹಾಗೂ ಪ್ರತಿ ಪ್ರಯಾಣಕ್ಕೂ ಮುನ್ನ ಅಂಟನ್ನು ಪರಿಶೀಲಿಸುವುದು ಅವಶ್ಯ.